ಗಜಾಯದ ನಾಲ್ಕು ಫೂಟು

ಈ ಬೇಸಿಗೆಯಲ್ಲಿ ಅಫಜಲಪುರದ ನೆಂಟರ ಮನೆಗೆ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ನನ್ನ ಬಲಗಡೆ ಶಾಂತಾಬಾಯಿ ಅಂತ ಒಬ್ಬರು ಬಂದು ಕೂತರು. ನನಗಿಂತ ಏಳೆಂಟು ವರ್ಷ ಹಿರಿಯರು, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಆ ವಯಸ್ಸಿನ, ಆ ಗತ್ತಿನ ಹೆಂಗಸಿನ ತಲೆಯಿಂದ ಕೊಬ್ಬರಿ ಎಣ್ಣೆಯ ವಾಸನೆ ಬರಬೇಕು. ಬಂದದ್ದು ಬ್ಲೀಚಿಂಗ್ ಪುಡಿಯ ವಾಸನೆ. ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಅದು ಮೂಗಿಗೆ ಬಡಿದರೆ ಯಾರಿಗಾದರೂ ಕಸಿವಿಸಿಯಾಗುತ್ತದೆ. ಆಸ್ಪತ್ರೆಯಿಂದ ನೇರ ಬಂದಿರಾ ಎಂದು ಕೇಳಿಯೇಬಿಟ್ಟೆ.

"ಇಲ್ರಿ, ನೀರಿಗಿ ಹೋಗಿದ್ದೆ," ಎಂದರು ಅವರು. "ಮಣಕಾಲ ಬ್ಯಾನಿ ಅದ. ದಿನಾ ಮುಂಜಾನಿ ನಾಲ್ಕ ಫೂಟಿನಾಗ ನಡದಾಡಿ ಬರ್ತೇನಿ."

ನಾಲ್ಕು ಫೂಟು ಅಂದರೇನು ಎಂದು ನನ್ನ ಎಡಗಡೆಯಿದ್ದ ಬೇರೆ ಊರಿನ ಬೀಗಿತ್ತಿ ಕೇಳಿದರು. ಶಾಂತಾಬಾಯಿ ಹೋಳಿಗೆ ಮುರಿಯುತ್ತ ವಿವರಿಸಿದರು. ಗೊಬ್ಬೂರಿನ ರಸ್ತೆಗೆ ಶಾಲೆಯ ಈಜುಕೊಳ ಇದೆ, ಅದರ ಒಂದು ಅಂಚಿಗೆ ಉದ್ದಕ್ಕೂ ಸೊಂಟದ ಮಟ್ಟದ ನೀರು, ಅಗಲ ನಾಲ್ಕು ಫೂಟು, ಬೆಳಿಗ್ಗೆ ಒಂದು ತಾಸು ಹೆಂಗಸರಿಗೆ ಬಿಟ್ಟಿದ್ದಾರೆ. ಊರಿನವರು ಆ ಪಟ್ಟಿಯನ್ನು ನಾಲ್ಕು ಫೂಟು ಅಂತಲೇ ಕರೆಯುವುದಂತೆ. ನನಗೆ ಈ ವಿವರಣೆ ಬೇಕಾಗಿರಲಿಲ್ಲ. ಆ ನಾಲ್ಕು ಫೂಟು ವ್ಯರ್ಥ ಎಂದು ಬರೆದು ಕೆಳಗೆ ಸಹಿ ಹಾಕಿದವಳು ನಾನೇ.

ಎಂಟು ವರ್ಷದ ಹಿಂದಿನ ಮಾತು. ಆಗ ನಾನು ಕಲಬುರಗಿಯ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿದ್ದೆ. ದಾಲ್ ಮಿಲ್ಲು, ಕಲ್ಯಾಣಮಂಟಪ, ಗೋದಾಮು, ಏನನ್ನೇ ಕಟ್ಟುವವರು ಮೊದಲು ನಮ್ಮಲ್ಲಿಗೆ ಬರುತ್ತಿದ್ದರು. ಎಷ್ಟು ದೊಡ್ಡದು ಕಟ್ಟಿದರೆ ಖರ್ಚು ಮೈಮೇಲೆ ಬರುವುದಿಲ್ಲ ಎಂದು ತೂಗಿ ವರದಿ ಬರೆಯುವುದು ನನ್ನ ಕೆಲಸ. ಬಂದವರಲ್ಲಿ ಮುಕ್ಕಾಲು ಪಾಲು ಜನ ಎಷ್ಟು ದೊಡ್ಡದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ, ನಾವು ಹೂಂ ಅನ್ನಬೇಕಷ್ಟೆ.

ಗುರುಲಿಂಗಪ್ಪ ಸಾಹುಕಾರರೂ ಅಂಥವರೇ. ಆಳಂದ, ಅಫಜಲಪುರ, ಜೇವರ್ಗಿ ಮೂರು ತಾಲೂಕುಗಳಲ್ಲೂ ಶಾಲೆಗಳಿದ್ದ ಒಂದು ಸಂಸ್ಥೆಗೆ ಅವರು ಅಧ್ಯಕ್ಷರು. ದೊಡ್ಡ ಜಮೀನುದಾರರು, ಬಿಳಿ ಧೋತರ, ಬಿಳಿ ಟೊಪ್ಪಿಗೆ, ಕೈಯಲ್ಲಿ ಸದಾ ಮೊಬೈಲು. ಪಂದ್ಯಗಳು ನಡೆಯುವಂಥ ಈಜುಕೊಳ ತಮ್ಮ ಸಂಸ್ಥೆಗೆ ಬೇಕು ಎಂಬುದು ಅವರ ಆಸೆ. ನಾನು ಕಾಗದ ತೆಗೆಯುವ ಮೊದಲೇ ಅವರು ಅಳತೆ ಹೇಳಿಬಿಟ್ಟರು.

"ತಂಗಿ, ಕಟ್ಟೂದಾದ್ರ ಐವತ್ತ ಮೀಟರಿಂದ ಕಟ್ಟಬೇಕು ನೋಡು. ಇಲ್ಲಾಂದ್ರ ಎಮ್ಮಿ ಮೈ ತೊಳಿಯೋ ಹೊಂಡ ಆಗ್ತದ."

ಅವರ ಹಿಂದೆ ಗೋಡೆಗೆ ಒರಗಿ ನಿಂತಿದ್ದವಳು ನೀಲಮ್ಮ, ಅಫಜಲಪುರದ ಹೆಣ್ಣುಮಕ್ಕಳ ಶಾಲೆಯ ಆಟದ ಟೀಚರು. ಕೊರಳಲ್ಲಿ ಸೀಟಿ, ಕೈಯಲ್ಲಿ ಉಕ್ಕಿನ ಟೇಪು. ಆ ಟೇಪನ್ನು ಅವಳು ಬೇರೆಯವರು ಬಳೆ ತಿರುಗಿಸಿದ ಹಾಗೆ ಸುಮ್ಮನೆ ತಿರುಗಿಸುತ್ತಿದ್ದಳು. ಗೊಬ್ಬೂರಿನ ರೈತನ ಮಗಳು, ಅಪ್ಪನ ಬಾವಿಯಲ್ಲಿ ಬೆನ್ನಿಗೆ ಎಣ್ಣೆ ಡಬ್ಬಿ ಕಟ್ಟಿಕೊಂಡು ಈಜು ಕಲಿತವಳು. ಅದೇ ಬಾವಿಯಲ್ಲಿ ಶಾಲೆಯ ಆರು ಜನ ಹುಡುಗಿಯರಿಗೂ ಕಲಿಸಿದ್ದಳು. ಭಾನುವಾರಕ್ಕೊಮ್ಮೆ ಅವರನ್ನು ಬಸ್ಸಿನಲ್ಲಿ ಕಲಬುರಗಿಯ ಕೊಳಕ್ಕೆ ಕರೆದೊಯ್ದು ಸಂಜೆಗೆ ಮರಳಿ ಕರೆತರುತ್ತಿದ್ದಳು. ಹುಡುಗಿಯರು ನೇರ ಹೋಗುವಾಗ ಯಾರಿಗೂ ಸೋಲುತ್ತಿರಲಿಲ್ಲ, ಗೋಡೆ ಮುಟ್ಟಿ ತಿರುಗುವಲ್ಲಿ ಹಿಂದೆ ಬೀಳುತ್ತಿದ್ದರು. ದುಂಡನೆಯ ಬಾವಿಯಲ್ಲಿ ಕಲಿತವರಿಗೆ ಗೋಡೆಯಿಂದ ತಿರುಗಬೇಕು ಎಂಬುದೇ ಹೊಳೆಯುವುದಿಲ್ಲ ಎಂದು ನೀಲಮ್ಮ ನನಗೆ ಹೇಳಿದಳು.

ಅವಳಿಗೆ ಬೇಕಾದದ್ದು ಎರಡೇ. ಕೊಳದ ಉದ್ದ ನಿಯಮದ ಪ್ರಕಾರ ಇರಬೇಕು, ಕಟ್ಟಿದ ಮೇಲೆ ಅದು ಮುಚ್ಚಬಾರದು. ಎಲ್ಲಿಯೋ ಒಂದೂರಿನಲ್ಲಿ ಐವತ್ತು ಮೀಟರಿನ ಕೊಳ ಕಟ್ಟಿ, ಎರಡು ವರ್ಷ ನಡೆಸಿ, ಈಗ ಅದರ ಹೊಟ್ಟೆಯಲ್ಲಿ ತೊಗರಿ ಒಣಗಿಸುತ್ತಿದ್ದಾರೆ ಎಂದಳು. ನೋಡಿ ಬಂದಿದ್ದಳಂತೆ. ಸಾಹುಕಾರರ ಮುಂದೆ ಇದನ್ನು ಹೇಳುವ ಧೈರ್ಯ ಅವಳಿಗಿರಲಿಲ್ಲ, ಅದಕ್ಕೆ ನನಗೆ ಹೇಳಿದಳು. ನಾನು ಅದನ್ನು ಬರೆದುಕೊಳ್ಳಲಿಲ್ಲ. ತೊಗರಿ ಒಣಗಿಸುವುದಕ್ಕೆ ನನ್ನ ವರದಿಯಲ್ಲಿ ತಲೆಬರಹ ಇರಲಿಲ್ಲ.

ಮಾರ್ಚಿನಲ್ಲಿ ಜಾಗ ನೋಡಲು ಹೊರಟೆವು. ಸಂಸ್ಥೆಯ ಹಳೇ ಜೀಪು, ಮುಂದೆ ಡ್ರೈವರು, ಹಿಂದೆ ನಾನು, ನೀಲಮ್ಮ. ಆ ಸಲದ ಬಿಸಿಲಿಗೆ ಜೀಪಿನ ಬಾಗಿಲಿನ ಕಬ್ಬಿಣ ಮುಟ್ಟಿದರೆ ಬೊಬ್ಬೆ ಏಳುವಂತಿತ್ತು. ಮೊದಲು ಹೋದದ್ದು ಜೇವರ್ಗಿಯ ಕಡೆ, ಕೊಳಕೂರಿನ ಹತ್ತಿರದ ಹೊಲಕ್ಕೆ. ಎಣ್ಣೆ ಹಚ್ಚಿದಂಥ ಕರಿಮಣ್ಣು, ನೆಲ ಬಾಯಿಬಿಟ್ಟು ಮಲಗಿತ್ತು. ನೀಲಮ್ಮ ನನ್ನ ಛತ್ರಿ ಇಸಿದುಕೊಂಡು ಒಂದು ಬಿರುಕಿಗೆ ಇಳಿಸಿದಳು, ಹಿಡಿಕೆಯೊಂದು ಮೇಲುಳಿಯಿತು. ಮಳೆಗಾಲಕ್ಕೆ ಈ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಇದರ ಮೇಲೆ ಕಟ್ಟಿದ್ದು ಯಾವುದೂ ಸುಮ್ಮನೆ ಕೂರುವುದಿಲ್ಲ ಎಂದು ಹೊಲದವರೇ ಹೇಳಿದರು. ಆಳಂದದ ಜಾಗ ಜಿಡಗಾದ ದಾರಿಯಲ್ಲಿತ್ತು. ಅಲ್ಲಿ ನೆಲ ಗಟ್ಟಿ, ಅಡಿಗೆ ಕಲ್ಲು. ಅಗೆಯುವ ಖರ್ಚನ್ನು ಹೇಗೋ ಹೊಂದಿಸಬಹುದಿತ್ತು, ಆದರೆ ಕೊರೆದ ಎರಡು ಬೋರುಗಳೂ ಬರೀ ಧೂಳು ಕೊಟ್ಟಿದ್ದವು. ಕೊನೆಗೆ ಉಳಿದದ್ದು ಅಫಜಲಪುರದ ಜಾಗ, ಗೊಬ್ಬೂರು ರಸ್ತೆಗೆ ಹೆಣ್ಣುಮಕ್ಕಳ ಶಾಲೆಯ ಹಿಂದೆ. ಆಳುದ್ದ ಕರಿಮಣ್ಣು, ಅದರ ಕೆಳಗೆ ಜಲ್ಲಿಯಂಥ ಗಟ್ಟಿ ಗರಸು, ಪಕ್ಕದಲ್ಲಿ ಯಾವ ಬೇಸಿಗೆಗೂ ಬತ್ತದ ಬಾವಿ.

ಅಲ್ಲಿಯೂ ಸಂಸ್ಥೆಯವರು ಕರೆಸಿದ್ದ ಎಂಜಿನಿಯರು ಒಂದು ಮಾತು ಹೇಳಿದರು. ಸುತ್ತಲಿನ ಮಣ್ಣು ಒತ್ತುವುದರಿಂದ ಕೊಳವನ್ನು ಎಂದೂ ಖಾಲಿ ಬಿಡಬಾರದು, ಒಳಗಿನ ನೀರೇ ಗೋಡೆಗೆ ಆಸರೆ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರಲ್ಲ, ಕರಿನೆಲದಲ್ಲಿ ತುಂಬಿದ ಕೊಳ ಬಿರಿಯುವುದಿಲ್ಲ. ಲೆಕ್ಕದವಳಿಗೆ ಇದರ ಅರ್ಥ ಬೇರೆ. ಜನ ಬರಲಿ ಬಿಡಲಿ ನೀರು ಇರಬೇಕು. ನೀರು ಇದ್ದಮೇಲೆ ಪಾಚಿ ಕಟ್ಟದಂತೆ ಔಷಧ ಹಾಕಬೇಕು, ಪಂಪು ತಿರುಗಬೇಕು. ಆದಾಯ ನಿಂತ ದಿನವೂ ಖರ್ಚು ನಿಲ್ಲುವುದಿಲ್ಲ.

ಏಪ್ರಿಲು ಮೇ ಎರಡು ತಿಂಗಳು ನಾನು ಶಾಲೆಯ ಸಿಬ್ಬಂದಿ ಕೋಣೆಯಲ್ಲಿ ಕೂತು, ಪಂದ್ಯದ ನಿಯಮ ಒಪ್ಪುವ ಐವತ್ತು, ಇಪ್ಪತ್ತೈದು ಮೀಟರು ಎರಡೂ ಅಳತೆಗಳನ್ನು ತೂಗಿದೆ. ಅಂಗಳದ ಡೋಣಿಗೆ, ಆ ಕಲ್ಲಿನ ತೊಟ್ಟಿಗೆ, ನೀರು ತುಂಬಿಸಿ ಅದರಲ್ಲೊಂದು ಮರದ ಸ್ಕೇಲು ನಿಲ್ಲಿಸಿದ್ದೆವು. ದಿನಕ್ಕೆ ಅರ್ಧ ಬೆರಳಿನಷ್ಟು ನೀರು ಬಿಸಿಲಿಗೇ ಹೋಗುತ್ತಿತ್ತು. ಎಂಟು ಜನ ಅಕ್ಕಪಕ್ಕ ಈಜಬಹುದಾದ ಐವತ್ತು ಮೀಟರಿನ ಎಂಟು ಸಾಲಿನ ಕೊಳ, ಇಪ್ಪತ್ತೈದು ಮೀಟರಿನ ಆರು ಸಾಲಿನ ಕೊಳ. ಉದ್ದ ಎರಡುಪಟ್ಟು, ನೀರು ಹೆಚ್ಚುಕಡಿಮೆ ಮೂರುಪಟ್ಟು. ಔಷಧ, ಕರೆಂಟು, ತೊಳೆಯುವ ಆಳು, ಎಲ್ಲವೂ ನೀರಿನ ಹಿಂದೆ ಹೋಗುವ ಖರ್ಚು. ಆದಾಯ ಮಾತ್ರ ಮಂದಿಯ ಹಿಂದೆ ಹೋಗುತ್ತದೆ, ಮಂದಿ ಮೂರುಪಟ್ಟು ಆಗುವುದಿಲ್ಲ. ದೊಡ್ಡ ಪಂದ್ಯ ವರ್ಷಕ್ಕೊಂದು ಬಂದರೆ ದೊಡ್ಡ ಮಾತು. ಉಳಿದ ದಿನ ಬರುವವರು ಶಾಲೆಯ ಮಕ್ಕಳು, ರಜೆಯ ಬ್ಯಾಚು, ಸಂಜೆಗೆ ಒಂದಷ್ಟು ಕಾಲೇಜು ಹುಡುಗರು.

ಆದಾಯದ ಪಟ್ಟಿಯಲ್ಲಿ ಒಂದು ಸಾಲು ಹೆಂಗಸರ ಬ್ಯಾಚು. ಅದರ ಮುಂದೆ ನಾನು ಸೊನ್ನೆ ಬರೆದೆ. ನೀಲಮ್ಮ ಹಿಂದಿನಿಂದ ಬಗ್ಗಿ ನೋಡಿದವಳು, ಸ್ವಲ್ಪವಾದರೂ ಬರೆಯಿರಿ ಎಂದು ಕೇಳಿಕೊಂಡಳು. ಯಾರು ಬರುತ್ತಾರೆ ಹೇಳು ಎಂದೆ. ಅವಳು ಒಬ್ಬರ ಹೆಸರನ್ನೂ ಹೇಳಲಾರದೆ ಹೋದಳು. ಪಂದ್ಯದ ಕೊಳ ಎರಡೂ ತುದಿಗೆ ಆಳ, ಈಜು ಬಾರದ ಹೆಂಗಸು ಅದರಲ್ಲಿ ಎಲ್ಲಿ ನಿಲ್ಲಬೇಕು? ಹಾಗಿರಲಿ, ನಾನೇ ಇಳಿಯುವವಳಲ್ಲ. ಕಲಬುರಗಿಯಲ್ಲಿ ಹುಟ್ಟಿ, ಕೊಡದಲ್ಲಿ ನೀರು ಕಂಡು ಬೆಳೆದವಳು ನಾನು. ಭೀಮಾ ಸೇತುವೆ ದಾಟುವಾಗ ಬಸ್ಸಿನ ಸರಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ನನ್ನ ಭಯವನ್ನೇ ಊರಿನ ಎಲ್ಲ ಹೆಂಗಸರ ಲೆಕ್ಕಕ್ಕೆ ಬರೆದುಬಿಟ್ಟೆ ಎಂದು ಆಗ ನನಗೆ ತಿಳಿಯಲಿಲ್ಲ. ಸೊನ್ನೆ ಬರೆಯುವುದು ಎಚ್ಚರಿಕೆಯ ಲಕ್ಷಣ ಎಂದು ನಮ್ಮ ಕಚೇರಿಯಲ್ಲಿ ಹೆಸರಿತ್ತು.

ಜೂನಿನ ಮೊದಲ ವಾರ ವರದಿ ಸಾಹುಕಾರರ ಕೈಗೆ ಹೋಯಿತು. ಅವರು ಕೋಷ್ಟಕಗಳನ್ನು ಬಿಟ್ಟು ಕೊನೆಯ ಪುಟ ಓದಿದರು, ಕನ್ನಡಕ ತೆಗೆದರು. ಆಮೇಲೆ ನನ್ನ ನಲವತ್ತು ಪುಟಗಳನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಿದರು.

"ಅಂದ್ರ ಮೂರ ಎಮ್ಮಿ ಮೇವು, ಒಂದ ಎಮ್ಮಿ ಹಾಲು. ಹೌದಿಲ್ಲ?"

ಹೌದು ಎಂದೆ. ಹಾಗಾದರೆ ಇಪ್ಪತ್ತೈದೇ ಇರಲಿ, ಸಣ್ಣದಾದರೂ ಚಿಂತೆಯಿಲ್ಲ, ಆದರೆ ಅಲ್ಲಿ ನಡೆದ ಪಂದ್ಯ ಖರೇ ಪಂದ್ಯ ಆಗಬೇಕು ಎಂದರು. ನೀಲಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡಳು. ನನಗೆ ಸಂತೋಷವಾಯಿತು. ನಮ್ಮ ವರದಿ ಓದಿ ಸಣ್ಣದಕ್ಕೆ ಒಪ್ಪಿದವರು ಅದುವರೆಗೆ ಯಾರೂ ಇರಲಿಲ್ಲ. ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ರೇಖೆ ಹೊಡೆಯುವ ದಿನ ಇದ್ದು ಹೋಗು ತಂಗಿ ಎಂದರು ಸಾಹುಕಾರರು, ಉಳಿದೆ.

ರೇಖೆ ಹೊಡೆಯಲು ಬಂದವರು ಗೌಂಡಿ ಮೌಲಾಸಾಬ. ಎಪ್ಪತ್ತರ ಹತ್ತಿರದ ಹಿರಿಯರು, ತೆಳ್ಳನೆಯ ಮೈ, ಗಡ್ಡಕ್ಕೆ ಮೆಹಂದಿ. ಆ ಸೀಮೆಯ ಅರ್ಧ ಮನೆಗಳನ್ನು, ಎರಡು ಮಠದ ಪ್ರಸಾದನಿಲಯಗಳನ್ನು, ಲೆಕ್ಕವಿಲ್ಲದಷ್ಟು ಬಾವಿಕಟ್ಟೆಗಳನ್ನು ಕಟ್ಟಿದವರು. ಎಂಜಿನಿಯರು ನಕ್ಷೆ ಕೊಟ್ಟು ಹೋಗಿದ್ದರು, ಆದರೆ ಮೌಲಾಸಾಬರ ದಾರ ಬೀಳದೆ ಆ ಊರಿನಲ್ಲಿ ಗುದ್ದಲಿ ಬೀಳುವುದಿಲ್ಲ. ಅವರು ಗೂಟ ಹೊಡೆದು, ದಾರ ಕಟ್ಟಿ, ಸುಣ್ಣದ ಗೆರೆ ಹಾಕಿ ಮುಗಿಸಿದರು. ನೀಲಮ್ಮ ತನ್ನ ಟೇಪು ಬಿಚ್ಚಿದಳು. ಒಂದು ತುದಿ ನನ್ನ ಕೈಗೆ ಕೊಟ್ಟು ಆ ಕಡೆಗೆ ನಡೆದುಹೋದಳು, ಬಗ್ಗಿ ನೋಡಿದಳು, ಮತ್ತೆ ಅಳೆದಳು. ಇಪ್ಪತ್ತೈದು ಮೀಟರು ಅಂದರೆ ಎಂಬತ್ತೆರಡು ಫೂಟು, ಮೇಲೊಂದು ಕಾಲಿಂಚು. ಮೌಲಾಸಾಬರ ಗೆರೆ ಎಂಬತ್ತೊಂದಕ್ಕೆ ನಿಂತಿತ್ತು.

ಕೈತಪ್ಪು ಎಂದು ನಾನು ತಿಳಿದೆ. ಅಲ್ಲ, ಬೇಕೆಂದೇ ಒಂದು ಫೂಟು ಇಳಿಸಿದ್ದರು. ಎಂಬತ್ತೆರಡಕ್ಕೆ ಆಯ ಕೂಡುವುದಿಲ್ಲ ಎಂದರು.

ಆಯದ ಲೆಕ್ಕ ನಮ್ಮ ಕಡೆ ಮನೆ ಕಟ್ಟಿದವರಿಗೆಲ್ಲ ಗೊತ್ತು. ಉದ್ದವನ್ನು ಅಗಲದಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ. ಒಂದು ಉಳಿದರೆ ಧ್ವಜಾಯ, ಮೂರು ಸಿಂಹಾಯ, ಐದು ವೃಷಭಾಯ, ಏಳು ಗಜಾಯ, ಇವು ಒಳ್ಳೆಯವು. ಸಮಸಂಖ್ಯೆ ಉಳಿದರೆ ಹೊಗೆ, ನಾಯಿ, ಕತ್ತೆ, ಕಾಗೆ. ಎಂಬತ್ತೆರಡು ಫೂಟು ಉದ್ದ, ನಲವತ್ತೊಂಬತ್ತು ಅಗಲ. ಉಳಿಯುವುದು ಎರಡು, ಧೂಮಾಯ. ನೀರಿನ ಕೆಲಸಕ್ಕೆ ಹೊಗೆಯ ಆಯ ಇಟ್ಟರೆ ನಾಳೆ ಮಂದಿ ತಮಗೆ ಬಯ್ಯುತ್ತಾರೆ ಎಂಬುದು ಮೌಲಾಸಾಬರ ಮಾತು. ಒಂದು ಫೂಟು ಇಳಿಸಿದರೆ ಶೇಷ ಒಂದು, ಚೊಕ್ಕ ಧ್ವಜಾಯ.

ಸಾಹುಕಾರರು ಗಂಟಲು ಸರಿಮಾಡಿಕೊಂಡರು. ತಾವು ಶರಣರ ದಾರಿಯವರು, ಇಂಥದನ್ನೆಲ್ಲ ನಂಬುವುದಿಲ್ಲ ಎಂದು ಮೊದಲು ಹೇಳಿದರು. ಆಮೇಲೆ, ಆದರೂ ಎಂದರು. ನಮ್ಮ ಕಡೆ ಈ 'ಆದರೂ' ಬಂದಮೇಲೆ ನಂಬದವರೂ ನಂಬಿದವರೂ ಒಂದೇ ಪಂಕ್ತಿಗೆ ಕೂರುತ್ತಾರೆ. ಎಂಬತ್ತೆರಡರಲ್ಲಿ ಒಂದು ಫೂಟು ಹೋದರೆ ಯಾರಿಗೆ ಗೊತ್ತಾಗುತ್ತದೆ ಎಂದು ಅವರು ನೀಲಮ್ಮನನ್ನು ಕೇಳಿದರು.

ನೀಲಮ್ಮ ಸಾಹುಕಾರರಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಆ ಒಂದು ಸಲವೇ. ದನಿ ಏರಿಸಲಿಲ್ಲ, ಟೇಪನ್ನು ಸುತ್ತುತ್ತ ಸುತ್ತುತ್ತ ಹೇಳಿದಳು.

"ನನಗ ಗೊತ್ತಾಗ್ತದರಿ, ಸಾಹುಕಾರ್ರ. ಕಾಲೇಜಿನಾಗಿದ್ದಾಗ ನಾ ಒಮ್ಮಿ ಎಲ್ಲಾರಕಿಂತ ಮುಂದ ಬಂದಿದ್ದೆ. ಆಮ್ಯಾಲ ಯಾರೋ ಆ ಕೊಳ ಅಳದರು, ಎರಡ ಇಂಚ ಕಮ್ಮಿ ಬಂತು. ನನ್ನ ಟೈಮ್ ಹೊಡದ ಹಾಕಿದರು. ಮತ್ತೊಮ್ಮಿ ಈಸಾಕ ನಮ್ಮಪ್ಪ ಕಳಸಲಿಲ್ಲ, ಮದುವಿ ಮಾಡಿದ. ನಮ್ಮ ಹುಡಿಗ್ಯಾರಿಗಿ ಹಂಗ ಆಗಬಾರದರಿ. ಉದ್ದ ಒಂದ ಕೂದಲೆಳಿ ಹೆಚ್ಚಾದ್ರ ನಡೀತದ, ಕಮ್ಮಿ ಆದ್ರ ನಡಿಯಂಗಿಲ್ಲ."

ಮೌಲಾಸಾಬ ಗೂಟದ ಪಕ್ಕ ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಸುಣ್ಣದ ಮೇಲೆ ಅಂಕಿ ಬರೆಯತೊಡಗಿದರು. ಅಗಲವನ್ನು ಐವತ್ತು ಮಾಡಿ ನೋಡಿದರು, ಐವತ್ತೊಂದು ಮಾಡಿ ನೋಡಿದರು. ನಾನು ಲೆಕ್ಕದವಳು, ನನಗೆ ಅಷ್ಟರಲ್ಲಿ ಹೊಳೆದಿತ್ತು. ಎಂಬತ್ತೆರಡು ಸಮಸಂಖ್ಯೆ. ಸಮವನ್ನು ಯಾವುದರಿಂದ ಗುಣಿಸಿದರೂ ಸಮವೇ ಬರುತ್ತದೆ, ಒಳ್ಳೆಯ ಆಯಗಳೆಲ್ಲ ಬೆಸ. ಅಗಲವನ್ನು ಗೊಬ್ಬೂರಿನವರೆಗೆ ಎಳೆದರೂ ಪಂದ್ಯದ ಕೊಳಕ್ಕೆ ಒಳ್ಳೆಯ ಆಯ ಹುಟ್ಟುವುದಿಲ್ಲ. ಸಾಹುಕಾರರ ಐವತ್ತು ಮೀಟರಿಗೂ ಅಷ್ಟೆ, ಅದು ನೂರಾ ಅರವತ್ತನಾಲ್ಕು ಫೂಟು. ಇದನ್ನು ಹೇಳಿದೆ. ಹೇಳಿ ಇದ್ದ ಬಾಗಿಲನ್ನೂ ಮುಚ್ಚಿದೆ ಅಷ್ಟೆ. ಸಾಹುಕಾರರು ಎಂಬತ್ತೊಂದರ ಗೆರೆಯನ್ನು ಮತ್ತೆ ನೋಡತೊಡಗಿದರು.

ಆಗ ನೀಲಮ್ಮ ಮೌಲಾಸಾಬರನ್ನು ಒಂದು ಪ್ರಶ್ನೆ ಕೇಳಿದಳು. ಗೊಬ್ಬೂರಿನ ತನ್ನ ಅಪ್ಪನ ಬಾವಿ ಕಟ್ಟಿದವರು ನೀವೇ ಅಲ್ಲವೇ, ಅದಕ್ಕೆ ಆಯ ಹಿಡಿದದ್ದು ನೀರಿಗೋ ಕಟ್ಟೆಗೋ? ಮೌಲಾಸಾಬ ತಲೆಯೆತ್ತಿ ಅವಳನ್ನು ನೋಡಿದರು. ಅವರ ಮುಖದಲ್ಲಿ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಕಟ್ಟೆ ಸೇರಿಸಿಯೇ ಹಿಡಿದದ್ದು ಎಂದು ಒಪ್ಪಿಕೊಂಡರು. ಹಾಗಾದರೆ ಇದಕ್ಕೂ ಕಟ್ಟೆ ಸೇರಿಸಿ ಹಿಡಿಯಿರಿ, ನೀರಿನ ಉದ್ದ ಮಾತ್ರ ಮುಟ್ಟಬೇಡಿ ಎಂದಳು ನೀಲಮ್ಮ.

ಕೊಳದ ಸುತ್ತಲಿನ ಕಟ್ಟೆಗೆ ಪಂದ್ಯದ ನಿಯಮ ಇಲ್ಲ, ಎಷ್ಟು ಬೇಕಾದರೂ ಇಡಬಹುದು. ಹಾರುವ ತುದಿಗೆ ಆರು ಫೂಟು, ಎದುರು ತುದಿಗೆ ಐದು, ಒಟ್ಟು ಉದ್ದ ತೊಂಬತ್ತಮೂರು. ಅಗಲಕ್ಕೆ ಎರಡೂ ಬದಿ ಏಳೇಳು ಫೂಟು ಕಟ್ಟೆ, ಒಟ್ಟು ಅರವತ್ತಮೂರು. ನಾನೇ ಗುಣಿಸಿ ಭಾಗಿಸಿ ಹೇಳಿದೆ, ಶೇಷ ಮೂರು. ಸಿಂಹಾಯ ಬಂತಲ್ಲ ಎಂದು ಸಾಹುಕಾರರು ಹಿಗ್ಗಿದರು. ಮೌಲಾಸಾಬ ತಲೆ ಅಲ್ಲಾಡಿಸಿದರು.

"ಸಿಂಹ ನೀರಿಗಿ ಇಳಿಯಂಗಿಲ್ರಿ, ಸಾಹುಕಾರ್ರ. ಆನಿ ಇಳೀತದ. ಗಜಾಯ ಹಿಡೀರಿ."

ಗಜಾಯಕ್ಕೆ ಶೇಷ ಏಳು ಬರಬೇಕು, ಅಗಲ ಅರವತ್ತೇಳು ಆಗಬೇಕು. ನಾಲ್ಕು ಫೂಟು ಹೆಚ್ಚು. ನಾಲ್ಕು ಇಳಿಸಿದರೂ ಗಜಾಯವೇ ಬರುತ್ತದೆ ಎಂದು ನಾನು ತಕ್ಷಣ ತೋರಿಸಿದೆ. ಮೌಲಾಸಾಬ ಒಪ್ಪಲಿಲ್ಲ, ಆನೆಯನ್ನು ಕರೆದಮೇಲೆ ಜಾಗ ಕಡಿಮೆ ಮಾಡಬಾರದಂತೆ. ಸಾಹುಕಾರರಿಗೂ ಐವತ್ತು ಮೀಟರು ಹೋದ ದುಃಖಕ್ಕೆ ನಾಲ್ಕು ಫೂಟಿನ ಸಮಾಧಾನ ಬೇಕಾಗಿತ್ತೆಂದು ಕಾಣುತ್ತದೆ. ಹೆಚ್ಚೇ ಇರಲಿ ಎಂದರು. ಆ ನಾಲ್ಕು ಫೂಟು ಕಟ್ಟೆಗೆ ಹೋಗಬೇಕೋ ನೀರಿಗೆ ಹೋಗಬೇಕೋ ಎಂಬ ಮಾತು ಬಂದಾಗ ನೀಲಮ್ಮ ನೀರಿಗೆ ಎಂದಳು. ಆರನೆಯ ಸಾಲಿನ ಆಚೆ, ಸಾಲು ಬೇರ್ಪಡಿಸುವ ಹಗ್ಗದಿಂದ ಹೊರಗೆ, ಕೊಳದ ಉದ್ದಕ್ಕೂ ಸೊಂಟದ ಮಟ್ಟದ ನೀರಿರುವ ಒಂದು ಅಗಲ ಮೆಟ್ಟಿಲು. ಪಂದ್ಯಕ್ಕೆ ಅದರಿಂದ ಅಡ್ಡಿಯಿಲ್ಲ. ಆನೆಗೆ ಕಟ್ಟೆಯಾದರೂ ಸರಿ ನೀರಾದರೂ ಸರಿ ಎಂದು ಮೌಲಾಸಾಬ ಸುಣ್ಣದ ಡಬ್ಬಿ ಎತ್ತಿಕೊಂಡರು.

ನಾನು ಮಾತ್ರ ಒಪ್ಪಲಿಲ್ಲ. ನೀರು ಹೆಚ್ಚಾದರೆ ಔಷಧ ಹೆಚ್ಚು, ಟೈಲ್ಸು ಹೆಚ್ಚು, ಆ ಪಟ್ಟಿಯಲ್ಲಿ ಈಜಲೂ ಬರುವುದಿಲ್ಲ. ಮರುದಿನ ವರದಿಗೆ ಒಂದು ಹಾಳೆ ಸೇರಿಸಿದೆ. ಹೆಚ್ಚುವರಿ ನಾಲ್ಕು ಫೂಟು, ಖರ್ಚು ಇಷ್ಟು, ಆದಾಯ ಇಲ್ಲ, ವ್ಯರ್ಥ. ಕೆಳಗೆ ಸಹಿ. ನೀಲಮ್ಮ ಆ ಹಾಳೆಯನ್ನು ಓದಿ ಮಡಿಸಿ ಫೈಲಿಗೆ ಇಟ್ಟಳು. ಅವಳು ಗಟ್ಟಿಯಾಗಿ ಜಗಳಾಡಿದ್ದರೆ ನನಗೆ ಹಿತವಾಗುತ್ತಿತ್ತು.

ಮಳೆಗಾಲದಲ್ಲಿ ಅಗೆತ ನಡೆಯಿತು, ಎರಡು ಸಲ ಮಣ್ಣು ಕುಸಿದು ನಿಂತಿತು, ದಸರೆ ಮುಗಿದ ಮೇಲೆ ಗೋಡೆ ಎದ್ದಿತು. ಲೆಕ್ಕಪತ್ರ ನೋಡಲು ತಿಂಗಳಿಗೊಮ್ಮೆ ಹೋಗುತ್ತಿದ್ದ ನನಗೆ ಪ್ರತಿಸಲವೂ ಕಾಣುತ್ತಿದ್ದುದು ಟೇಪು ಹಿಡಿದ ನೀಲಮ್ಮ. ಟೈಲ್ಸು, ಅದರ ಹಿಂದಿನ ಸಿಮೆಂಟು ಎರಡೂ ಗೋಡೆಗೆ ಕೂತಮೇಲೆ ಉದ್ದ ತಗ್ಗುತ್ತದೆ ಎಂದು ಮೊದಲೇ ಅಷ್ಟನ್ನು ಬಿಟ್ಟು ಕಟ್ಟಿಸಿದ್ದಳು. ಚಳಿಗಾಲದ ಒಂದು ಮಧ್ಯಾಹ್ನ ಕೊನೆಯ ಟೈಲ್ಸು ಕೂತಿತು. ಆರೂ ಸಾಲುಗಳನ್ನು ಬೇರೆಬೇರೆ ಅಳೆದಳು. ಎಲ್ಲಿಯೂ ಕಡಿಮೆ ಇರಲಿಲ್ಲ, ಬೆರಳಿನ ಅಗಲದಷ್ಟು ಹೆಚ್ಚಿತ್ತು. ಮೌಲಾಸಾಬ ಅವಳ ತಲೆಯ ಮೇಲೆ ಕೈಯಿಟ್ಟು, ಇನ್ನು ನಿನ್ನ ಟೈಮ್ ಯಾರೂ ಹೊಡೆದು ಹಾಕುವುದಿಲ್ಲ ಮಗಳೇ ಎಂದರು. ನೀರು ತುಂಬುವುದನ್ನು ನಾನು ನೋಡಲಿಲ್ಲ. ಕಚೇರಿಯವರು ನನ್ನನ್ನು ಬೇರೆ ಕೆಲಸಕ್ಕೆ ಹಾಕಿದರು. ಕೆಲವು ವರ್ಷದ ಮೇಲೆ ಸಾಹುಕಾರರು ಲಿಂಗೈಕ್ಯರಾದ ಸುದ್ದಿ ಪೇಪರಿನಲ್ಲಿ ಓದಿದೆ.

ತೊಟ್ಟಿಲ ಕಾರ್ಯದ ಮರುದಿನ ಬೆಳಿಗ್ಗೆ ಶಾಂತಾಬಾಯಿಯವರ ಹಿಂದೆ ನಾನೂ ಹೊರಟೆ. ಶಾಲೆಯ ಹಿಂದೆ ಎತ್ತರದ ಗೋಡೆ ಬಂದಿದೆ, ಅದಕ್ಕೆ ಸಣ್ಣ ಬಾಗಿಲು. ಒಳಗೆ ಹೋದರೆ ಅದೇ ವಾಸನೆ, ಕಣ್ಣು ಚುರುಗುಟ್ಟುವಷ್ಟು ನೀಲಿ ನೀರು. ಆರು ಸಾಲುಗಳಲ್ಲಿ ಮೂವರು ಹುಡುಗಿಯರು ಈಜುತ್ತಿದ್ದರು. ಗೋಡೆಗೆ ಬಂದವರು ನಿಲ್ಲುತ್ತಿರಲಿಲ್ಲ, ನೀರೊಳಗೇ ಪಲ್ಟಿ ಹೊಡೆದು ತಿರುಗಿ ಹೋಗುತ್ತಿದ್ದರು. ಹಗ್ಗದ ಆಚೆ, ನಾಲ್ಕು ಫೂಟಿನಲ್ಲಿ, ಉದ್ದಕ್ಕೂ ಹೆಂಗಸರು. ಚೂಡಿದಾರದವರು, ಗಂಡಂದಿರ ಅಂಗಿ ಹಾಕಿಕೊಂಡವರು, ಬುರ್ಖಾ ಬಿಚ್ಚಿ ಕಟ್ಟೆಯ ಮೇಲೆ ಮಡಿಸಿಟ್ಟು ಇಳಿದವರು. ಒಬ್ಬರ ಹಿಂದೊಬ್ಬರು ನಡೆಯುತ್ತ ಸೊಸೆಯಂದಿರ ಸುದ್ದಿ ಮಾತಾಡುತ್ತಿದ್ದರು. ನಾನು ಎಣಿಸಲು ಶುರುಮಾಡಿ ಬಿಟ್ಟೆ, ಅವರು ಒಂದು ಕಡೆ ನಿಲ್ಲುತ್ತಿರಲಿಲ್ಲ.

ನೀಲಮ್ಮನ ಕೂದಲು ಅರ್ಧ ಬೆಳ್ಳಗಾಗಿದೆ. ಕೊರಳಲ್ಲಿ ಅದೇ ಸೀಟಿಯೋ ಬೇರೆಯದೋ ಗೊತ್ತಾಗಲಿಲ್ಲ. ಕಟ್ಟೆಯ ಮೇಲೆ ಚಹಾ ಕೊಟ್ಟು ಎಲ್ಲ ಹೇಳಿದಳು. ಮೊದಲ ಎರಡು ವರ್ಷ ಚೆನ್ನಾಗಿತ್ತು, ಪಂದ್ಯಗಳು ನಡೆದವು, ಹುಡುಗಿಯರ ಟೈಮುಗಳನ್ನು ಯಾರೂ ಪ್ರಶ್ನಿಸಲಿಲ್ಲ. ಆಮೇಲೆ ಎಲ್ಲ ಮುಚ್ಚಿದ ಆ ರೋಗದ ವರ್ಷ ಬಂತು. ತೆರೆದ ಮೇಲೆ ಕೋಚಿಂಗಿಗೆ ಮಕ್ಕಳು ಬರಲಿಲ್ಲ. ನೀರು ಖಾಲಿ ಮಾಡುವಂತಿಲ್ಲ, ಔಷಧಕ್ಕೆ ಹಣವಿಲ್ಲ, ಮಣ್ಣು ತುಂಬಿ ಬ್ಯಾಡ್ಮಿಂಟನ್ ಅಂಕಣ ಮಾಡೋಣ ಎಂದು ಹೊಸ ಕಮಿಟಿಯವರು ಹೊರಟಿದ್ದರು. ಆ ವಾರವೇ ಶಾಂತಾಬಾಯಿ ಬಾಗಿಲಿಗೆ ಬಂದು, ನೀರಲ್ಲಿ ನಡೆ ಎಂದು ಡಾಕ್ಟರು ಹೇಳಿದ್ದಾರೆ, ನಿಲ್ಲುವಂಥ ನೀರು ಇದೆಯೇ ಎಂದು ಕೇಳಿದರು. ತಿಂಗಳಲ್ಲಿ ಒಂಬತ್ತು ಜನರಾದರು, ವರ್ಷದೊಳಗೆ ಈ ತಾಸು ತುಂಬಿಹೋಯಿತು. ಈಗ ಕೊಳದ ಔಷಧ, ಕರೆಂಟು ಎರಡನ್ನೂ ಈ ಹೆಂಗಸರ ಫೀಯೇ ನಡೆಸುತ್ತದೆ. ಹುಡುಗಿಯರು ಫುಕಟ್ ಈಜುತ್ತಾರೆ.

ಅವಳು ನನ್ನ ಹಾಳೆಯ ಸುದ್ದಿ ತೆಗೆಯಲಿಲ್ಲ. ತೆಗೆಯಲಾರಳು ಎಂದು ಗೊತ್ತಾದಾಗ ನಾಚಿಕೆ ಹೆಚ್ಚಾಯಿತು, ನಾನೇ ತೆಗೆದೆ. ಆ ಸಾಲಿನ ಮುಂದೆ ನಾನು ಸೊನ್ನೆ ಬರೆದಿದ್ದೆ ನೀಲಮ್ಮ ಎಂದೆ.

"ಖರೇನ ಬರದಿದ್ರಿ, ಅಕ್ಕಾರ," ಎಂದಳು. "ಅವತ್ತ ಯಾರೂ ಇದ್ದಿದ್ದಿಲ್ಲ. ನಿಲ್ಲಾಕ ಜಾಗಾನೂ ಇದ್ದಿದ್ದಿಲ್ಲ."

ಚಹಾದ ಲೋಟ ತೆಗೆದುಕೊಂಡು ಅವಳು ನನ್ನ ಕಾಲಿನ ಕಡೆ ನೋಡಿದಳು. ಕಟ್ಟೆಯ ಮೇಲೆ ಕೂರುವಾಗ ನಾನು ಮೊಣಕಾಲು ಹಿಡಿದುಕೊಂಡದ್ದನ್ನು ಗಮನಿಸಿದ್ದಳು. ಒಳಗೆ ಹೋಗಿ ತನ್ನದೊಂದು ಹಳೆಯ ಚೂಡಿದಾರ ತಂದುಕೊಟ್ಟಳು. ಇಂದು ಒಂದು ದಿನದ ಫೀ ತೆಗೆದುಕೊಳ್ಳಬೇಕು ಎಂದೆ, ತೆಗೆದುಕೊಂಡು ಚೀಟಿ ಹರಿದಳು. ನೀರಿಗೆ ಇಳಿಯಲು ಐದು ಮೆಟ್ಟಿಲು. ಒಂದೊಂದನ್ನೂ ಎಣಿಸಿಕೊಂಡು ಇಳಿದೆ. ಕೊನೆಯ ಮೆಟ್ಟಿಲಲ್ಲಿ ನೀರು ಸೊಂಟಕ್ಕೆ ಬಂದು ನಿಂತಿತು, ಮೇಲೆ ಬರಲಿಲ್ಲ. ನಾನು ಎರಡೂ ಕೈಯಿಂದ ಹಗ್ಗ ಹಿಡಿದಿದ್ದೆ. ಮುಂದೆ ಶಾಂತಾಬಾಯಿ ಕೈ ಬೀಸಿಕೊಂಡು ನಡೆಯುತ್ತಿದ್ದರು, ಹಿಂದೆ ಯಾರೋ ಒಬ್ಬರು ನನ್ನಿಂದಾಗಿ ನಿಂತಿದ್ದರು.

"ಕೈ ಬಿಡ್ರಿ ಅಕ್ಕಾರ," ಎಂದಳು ನೀಲಮ್ಮ ಕಟ್ಟೆಯ ಮೇಲಿನಿಂದ. "ಹಿಂದಿನವರು ಕಾಯಾಕತ್ತಾರ."

ಹಗ್ಗ ಬಿಟ್ಟು ನಡೆದೆ.